ಕ್ಯಾಮೆರಾ ಟ್ರ್ಯಾಪ್‌ನ ಸೆಲ್ಲು ಬೇಗ ಮುಗಿಯುತ್ತಿದೆಯೇ? ಕಾಡಂಚಿನ ತೋಟದವರಿಗೊಂದು ಮಾರ್ಗದರ್ಶಿ

ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ಕಾಡಂಚಿನ ತೋಟಗಳಲ್ಲಿ ಈಗ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಮುಂದೆ ಹಾದಾಗ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ, ಅಪರೂಪದ ವಸ್ತುವಲ್ಲ. ರಾತ್ರಿ ಬೇಲಿ ಮುರಿದದ್ದು ಒಂಟಿ ಸಲಗವೋ ಹಿಂಡೋ, ಗದ್ದೆ ಬದು ಅಗೆದದ್ದು ಕಾಡುಹಂದಿಯೋ ಮುಳ್ಳುಹಂದಿಯೋ ಎಂದು ತಿಳಿಯಬೇಕಾದವರು ಕಟ್ಟುತ್ತಾರೆ. ಹಳ್ಳದ ಪಕ್ಕ ನೀರು ಕುಡಿಯಲು ಯಾರು ಯಾರು ಬರುತ್ತಾರೆ ಎಂದು ನೋಡುವ ಆಸೆಗೆ ಕಟ್ಟುವವರೂ ಇದ್ದಾರೆ. ಎಲ್ಲರ ದೂರು ಮಾತ್ರ ಒಂದೇ: ಡಬ್ಬದ ಮೇಲೆ ‘ಆರು ತಿಂಗಳು ಬಾಳಿಕೆ’ ಎಂದಿರುತ್ತದೆ, ಸೆಲ್ಲು ಮೂರು ವಾರಕ್ಕೇ ಕೈಕೊಡುತ್ತದೆ.

ಹೆಚ್ಚಿನವರು ಆಗ ಇನ್ನೂ ದುಬಾರಿ ಸೆಲ್ಲು ತರುತ್ತಾರೆ. ಅದರಿಂದ ಒಂದೆರಡು ವಾರ ಹೆಚ್ಚು ಸಿಕ್ಕೀತು, ಅಷ್ಟೇ. ಸೆಲ್ಲು ಮುಗಿಯುವುದು ದಿನ ಕಳೆದದ್ದಕ್ಕಲ್ಲ, ಕ್ಯಾಮೆರಾ ಮಾಡಿದ ಕೆಲಸಕ್ಕೆ. ಆ ಕೆಲಸದಲ್ಲಿ ಬಹುಪಾಲು ನಮಗೆ ಬೇಡದ್ದು. ಅದನ್ನು ಕಡಿಮೆ ಮಾಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಈ ಕ್ಯಾಮೆರಾಗಳ ದೊಡ್ಡ ಮಾರುಕಟ್ಟೆ ಅಮೆರಿಕದ ಜಿಂಕೆ ಬೇಟೆಗಾರರದ್ದು. ಬೇಟೆಯ ಋತುವಿಗೆ ಮುಂಚೆ ಕಾಡಿನಲ್ಲಿ ಕಟ್ಟಿ, ಯಾವ ದಾರಿಯಲ್ಲಿ ಎಷ್ಟು ಹೊತ್ತಿಗೆ ಜಿಂಕೆ ಬರುತ್ತದೆ ಎಂದು ಗೊತ್ತುಮಾಡಿಕೊಳ್ಳುವುದು ಅಲ್ಲಿನ ವಾಡಿಕೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಇಲ್ಲಿ ಹೇಳುವುದೆಲ್ಲ ಸ್ವಂತ ಜಮೀನಿನಲ್ಲಿ ನೋಡುವುದಕ್ಕೆ, ದಾಖಲಿಸುವುದಕ್ಕೆ, ಎಚ್ಚರವಾಗಿರುವುದಕ್ಕೆ ಮಾತ್ರ. ಬೇಲಿ ದಾಟಿ ಅರಣ್ಯದೊಳಗೆ ಕಟ್ಟಲು ಇಲಾಖೆಯ ಅನುಮತಿ ಬೇಕೇ ಬೇಕು.

ಕ್ಯಾಮೆರಾದ ಜೊತೆ ಬರುವ ಕೈಪಿಡಿಯೂ ಅಲ್ಲಿನ ಹವೆಗೆ ಬರೆದದ್ದು. ಅಲ್ಲಿ ಸೆಲ್ಲಿನ ಶತ್ರು ಹಿಮ, ಸೊನ್ನೆಗಿಂತ ಕೆಳಗಿನ ಚಳಿ. ಇಲ್ಲಿನ ಶತ್ರುಗಳು ತೇವ, ಇರುವೆ ಮತ್ತು ಬೇಗ ಬೇಗ ಬೆಳೆಯುವ ಕಳೆ. ಆದ್ದರಿಂದ ಅಂತರ್ಜಾಲದಲ್ಲಿ ಸಿಗುವ ಸಲಹೆಗಳನ್ನೆಲ್ಲ ಹಾಗೇ ತಂದು ನಮ್ಮ ತೋಟಕ್ಕೆ ಹಚ್ಚಲಾಗುವುದಿಲ್ಲ.

ಕರೆಂಟು ಎಲ್ಲಿ ಹೋಗುತ್ತದೆ

ಕ್ಯಾಮೆರಾ ಸುಮ್ಮನೆ ಕಾಯುತ್ತಿರುವಾಗ ಎಚ್ಚರವಾಗಿರುವುದು ಶಾಖ ಗುರುತಿಸುವ ಪಿಐಆರ್ ಸೆನ್ಸರ್ ಮತ್ತು ಒಂದು ಸಣ್ಣ ಚಿಪ್ ಮಾತ್ರ. ಇವೆರಡಕ್ಕೆ ಬೇಕಾದದ್ದು ಒಂದು ಮಿಲಿಆಂಪ್‌ನ ಭಾಗವಷ್ಟೇ. ಮುಂದೆ ಏನೋ ಬೆಚ್ಚಗಿನದು ಹಾದುಹೋದಾಗ ಇಡೀ ಕ್ಯಾಮೆರಾ ಏಳುತ್ತದೆ, ರಾತ್ರಿಯಾದರೆ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿಕೊಳ್ಳುತ್ತವೆ. ಆ ಕ್ಷಣದಲ್ಲಿ ಒಂದು ಆಂಪ್, ಕೆಲವು ಮಾಡೆಲ್‌ಗಳಲ್ಲಿ ಅದಕ್ಕೂ ಹೆಚ್ಚು ಎಳೆಯುತ್ತದೆ.

ಲೆಕ್ಕ ಸುಲಭವಾಗಲೆಂದು ದುಂಡು ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಕಾಯುವಾಗ 0.2 ಮಿಲಿಆಂಪ್, ರಾತ್ರಿ ಎದ್ದಾಗ 1 ಆಂಪ್. ಎಂಟು ಸೆಲ್ಲುಗಳು, ನಾಲ್ಕರ ಎರಡು ಸಾಲು, ಪ್ರತಿ ಸೆಲ್ಲು 2000 ಎಂಎಎಚ್. ಎಂಎಎಚ್ ಎಂದರೆ ಒಂದು ಗಂಟೆ ಕಾಲ ಎಷ್ಟು ಮಿಲಿಆಂಪ್ ಕೊಡಬಲ್ಲದು ಎಂಬ ಅಳತೆ. ಒಂದೇ ಸಾಲಿನ ಸೆಲ್ಲುಗಳಲ್ಲಿ ಕೂಡುವುದು ವೋಲ್ಟು, ಎಂಎಎಚ್ ಅಲ್ಲ. ಅಂದರೆ ಎರಡು ಸಾಲು ಸೇರಿ ಕೈಯಲ್ಲಿರುವುದು 4000 ಎಂಎಎಚ್. ಇಡೀ ದಿನ ಸುಮ್ಮನೆ ಕಾದರೆ ಖರ್ಚಾಗುವುದು ಸುಮಾರು 5 ಎಂಎಎಚ್. ರಾತ್ರಿಯ ಒಂದು ಫೋಟೋಗೆ ಒಂದು ಸೆಕೆಂಡ್ ಎಂದರೆ 0.3ರಷ್ಟು. ರಾತ್ರಿಯ 30 ಸೆಕೆಂಡಿನ ಒಂದು ವಿಡಿಯೊಗೆ 8ಕ್ಕೂ ಹೆಚ್ಚು. ಅರ್ಧ ನಿಮಿಷದ ಒಂದೇ ಒಂದು ರಾತ್ರಿ ವಿಡಿಯೊ ಒಂದೂವರೆ ದಿನ ಕಾಯುವುದಕ್ಕೆ ಆಗುವಷ್ಟು ಕರೆಂಟನ್ನು ನುಂಗುತ್ತದೆ!

ಇದನ್ನೇ ಮುಂದುವರಿಸಿ ನೋಡಿ. ರಾತ್ರಿಗೆ ಇಪ್ಪತ್ತು ಸಲ ಕ್ಯಾಮೆರಾ ಏಳುತ್ತದೆ ಎಂದಿಟ್ಟುಕೊಂಡರೆ, 30 ಸೆಕೆಂಡಿನ ವಿಡಿಯೊಗೆ ಹಾಕಿದ ಸೆಲ್ಲು 23 ದಿನಕ್ಕೆ ಖಾಲಿ. 10 ಸೆಕೆಂಡಿಗೆ ಇಳಿಸಿದರೆ ಎರಡು ತಿಂಗಳು. ವಿಡಿಯೊ ಬಿಟ್ಟು ಪ್ರತಿ ಸಲ ಮೂರು ಫೋಟೋ ತೆಗೆಸಿದರೆ ಆರು ತಿಂಗಳ ಹತ್ತಿರ. ಸೆಲ್ಲು ಅದೇ, ಮರ ಅದೇ, ಬಂದ ಪ್ರಾಣಿಯೂ ಅದೇ. ಎಂಟು ಸೆಲ್ಲನ್ನೂ ಒಂದೇ ಸಾಲಿನಲ್ಲಿ ಜೋಡಿಸುವ ಕ್ಯಾಮೆರಾದಲ್ಲಿ ವೋಲ್ಟು ದುಪ್ಪಟ್ಟಾಗಿ ಆಂಪ್ ಅರ್ಧವಾಗುತ್ತದೆ, ಕೊನೆಯ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ನಿಮ್ಮ ಕ್ಯಾಮೆರಾದ ಅಂಕಿಗಳು ಬೇರೆ ಇರಬಹುದು. ಇವುಗಳ ನಡುವಿನ ಅಂತರ ಮಾತ್ರ ಯಾವ ಕಂಪನಿಯದ್ದಾದರೂ ಇದೇ ರೀತಿ ಇರುತ್ತದೆ.

ಬೇಡದ ಕೆಲಸ ಎಷ್ಟಿರುತ್ತದೆ ಎಂಬುದಕ್ಕೆ ದೇಶದ ದೊಡ್ಡ ಲೆಕ್ಕವೊಂದಿದೆ. 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಕಟ್ಟಿದ್ದರು. ಸಿಕ್ಕ ವನ್ಯಜೀವಿ ಫೋಟೋಗಳು ಸುಮಾರು 3.48 ಕೋಟಿ. ಅವುಗಳಲ್ಲಿ ಹುಲಿಯವು 76,651. ನುರಿತವರು ಜಾಗ ಆರಿಸಿ ಕಟ್ಟಿದಾಗಲೂ ಹುಡುಕಿದ ಪ್ರಾಣಿಯ ಪಾಲು ಇಷ್ಟು ಸಣ್ಣದು. 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗಳ ಪಟ್ಟೆ ಗುರುತಿಸಿ ಎಣಿಸಲು ಕ್ಯಾಮೆರಾ ಟ್ರ್ಯಾಪ್ ಬಳಸಿದಾಗ ಒಳಗಿದ್ದದ್ದು ಫಿಲ್ಮ್ ರೀಲು. ಒಂದು ರೀಲಿಗೆ 36 ಫೋಟೋ. ಪ್ರತಿ ಕ್ಲಿಕ್ಕಿಗೂ ಬೆಲೆ ಇದ್ದ ಕಾಲ ಅದು. ಈಗ ಕಾರ್ಡಿನಲ್ಲಿ ಸಾವಿರಾರು ಹಿಡಿಯುತ್ತವೆ, ಆದರೆ ಬೆಲೆ ಸೆಲ್ಲಿನ ಕಡೆಗೆ ಸರಿದಿದೆ.

ಹಂತ 1: ಸೆಲ್ಲು ಆರಿಸುವುದು

ಪೇಟೆಯ ಯಾವ ಅಂಗಡಿಯಲ್ಲಿ ‘ಪೆನ್ಸಿಲ್ ಸೆಲ್’ ಕೇಳಿದರೂ ಮೊದಲು ಕೊಡುವುದು ಅಗ್ಗದ ಜಿಂಕ್ ಕಾರ್ಬನ್ ಸೆಲ್ಲು. ಗೋಡೆ ಗಡಿಯಾರಕ್ಕೆ, ಟಿವಿ ರಿಮೋಟಿಗೆ ಅದು ಸಾಕು. ಕ್ಯಾಮೆರಾ ಟ್ರ್ಯಾಪ್‌ಗೆ ಬೇಡವೇ ಬೇಡ. ಒಮ್ಮೆಲೇ ಒಂದು ಆಂಪ್ ಎಳೆದಾಗ ಅದರ ವೋಲ್ಟು ಕುಸಿದುಬಿಡುತ್ತದೆ.

ಆಲ್ಕಲೈನ್ ಸೆಲ್ಲು 1.5 ವೋಲ್ಟಿನಿಂದ ಶುರುವಾಗಿ ದಿನ ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಅರ್ಧ ಖಾಲಿಯಾಗುವ ಹೊತ್ತಿಗೆ ರಾತ್ರಿಯ ಬೆಳಕು ಮಂಕಾಗುತ್ತದೆ, ದೂರದ ಪ್ರಾಣಿ ಕತ್ತಲಲ್ಲಿ ಕರಗಿಹೋಗುತ್ತದೆ. ಮೇಲಾಗಿ ಖಾಲಿಯಾದದ್ದನ್ನು ಒಳಗೇ ಬಿಟ್ಟರೆ ಸೋರುತ್ತದೆ. ಕಾಡಿನ ಕ್ಯಾಮೆರಾಗಳು ಹಾಳಾಗುವುದಕ್ಕೆ ಇದೊಂದು ದೊಡ್ಡ ಕಾರಣ.

ಒಮ್ಮೆ ಬಳಸಿ ಎಸೆಯುವ 1.5 ವೋಲ್ಟಿನ ಲಿಥಿಯಂ ಸೆಲ್ಲು ನಿಜಕ್ಕೂ ಒಳ್ಳೆಯದು. ಕೈಗೆತ್ತಿಕೊಂಡರೇ ಗೊತ್ತಾಗುತ್ತದೆ: ಆಲ್ಕಲೈನ್ 23 ಗ್ರಾಂ ತೂಗಿದರೆ ಇದು 15 ಗ್ರಾಂ. ಹೆಚ್ಚುಕಡಿಮೆ ಕೊನೆಯವರೆಗೂ ವೋಲ್ಟು ಇಳಿಯದು, ಸೋರುವುದೂ ತೀರಾ ಕಡಿಮೆ, ಮೈನಸ್ 40 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ. ಅಮೆರಿಕದವರು ಇದನ್ನೇ ಹೊಗಳುವುದು ಆ ಚಳಿಯ ಕಾರಣಕ್ಕೆ. ನಮ್ಮ ಮಲೆನಾಡಿನ ಮಾಗಿಯಲ್ಲಿ ಅಂಥ ಚಳಿ ಎಲ್ಲಿದೆ? ತಿಂಗಳುಗಟ್ಟಲೆ ಹೋಗಿ ನೋಡಲಾಗದ ಜಾಗವಾದರೆ ದುಡ್ಡು ಕೊಟ್ಟು ಲಿಥಿಯಂ ಹಾಕಿ. ಹದಿನೈದು ದಿನಕ್ಕೊಮ್ಮೆ ನಡೆದು ಹೋಗಬಲ್ಲ ತೋಟದ ಅಂಚಿಗೆ ಅದು ದುಂದುವೆಚ್ಚ.

ನನ್ನ ಆಯ್ಕೆ ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು, ಅದರಲ್ಲೂ ಸುಮ್ಮನಿದ್ದಾಗ ಬೇಗ ಇಳಿಯದ ಬಗೆಯದು. 2005ರಲ್ಲಿ ಸ್ಯಾನ್ಯೊ ಕಂಪನಿ ಎನೆಲೂಪ್ ಹೆಸರಿನಲ್ಲಿ ಇಂಥದ್ದನ್ನು ತಂದ ಮೇಲೆ ಈಗ ಬೇರೆ ಕಂಪನಿಗಳದ್ದೂ ಸಿಗುತ್ತದೆ. ಹಳೆಯ ಬಗೆಯ ರೀಚಾರ್ಜ್ ಸೆಲ್ಲು ಕೆಲವೇ ತಿಂಗಳಲ್ಲಿ ತಾನಾಗಿ ಖಾಲಿಯಾಗುತ್ತಿತ್ತು, ಆದ್ದರಿಂದ ತೆಗೆದುಕೊಳ್ಳುವಾಗ ಇದನ್ನು ಕೇಳಿಯೇ ತೆಗೆದುಕೊಳ್ಳಿ. ಇದರ ವೋಲ್ಟು 1.2 ಮಾತ್ರ, ಆದರೆ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ, ಫ್ಲ್ಯಾಶ್ ಎಳೆದಾಗ ಬಾಗುವುದಿಲ್ಲ. 2500 ಎಂಎಎಚ್‌ನ ದೊಡ್ಡದಕ್ಕಿಂತ 2000ದ ಸಾಧಾರಣದ್ದೇ ವಾಸಿ, ಏಕೆಂದರೆ ಅದನ್ನು ಎಷ್ಟೋ ಪಟ್ಟು ಹೆಚ್ಚು ಸಲ ಚಾರ್ಜ್ ಮಾಡಬಹುದು. ಕೆಲವು ಹಳೆಯ ಕ್ಯಾಮೆರಾಗಳು ಮಾತ್ರ 1.2 ವೋಲ್ಟನ್ನು ಒಪ್ಪುವುದಿಲ್ಲ, ಹೊಸ ಸೆಲ್ಲು ಹಾಕಿದರೂ ‘ಬ್ಯಾಟರಿ ಲೋ’ ಎನ್ನುತ್ತವೆ. ಕೈಪಿಡಿಯಲ್ಲಿ ಒಮ್ಮೆ ನೋಡಿಕೊಳ್ಳಿ.

ಒಂದು ಅಪಾಯದ ಬಗ್ಗೆ ಜೋರಾಗಿಯೇ ಹೇಳಬೇಕು. ಪೆನ್ಸಿಲ್ ಸೆಲ್ಲಿನದೇ ಅಳತೆಯ 14500 ಎಂಬ ಲಿಥಿಯಂ ಅಯಾನ್ ಸೆಲ್ಲು ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರ ವೋಲ್ಟು 3.7. ಅಳತೆ ಒಂದೇ ಎಂದು ಹಾಕಿದರೆ ಕ್ಯಾಮೆರಾ ಸುಟ್ಟುಹೋಗಬಹುದು.

ಹಂತ 2: ಸೆಟ್ ಒಡೆಯಬೇಡಿ

ಎಂಟು ಸೆಲ್ಲು ಒಟ್ಟಿಗೆ ತಂದು, ಒಟ್ಟಿಗೆ ಚಾರ್ಜ್ ಮಾಡಿ, ಒಟ್ಟಿಗೆ ಹಾಕಿ, ಒಟ್ಟಿಗೇ ತೆಗೆಯಿರಿ. ಸಾಲಿನಲ್ಲಿ ಒಂದು ಸೆಲ್ಲು ಹಳೆಯದಿದ್ದರೆ ಅದು ಮೊದಲು ಖಾಲಿಯಾಗುತ್ತದೆ. ಉಳಿದವು ಅದರ ಮೂಲಕವೇ ಕರೆಂಟು ತಳ್ಳುತ್ತಿರುತ್ತವೆ, ಅದರ ಪ್ಲಸ್ಸು ಮೈನಸ್ಸು ತಿರುಗುಮುರುಗಾಗಿ ಕೊನೆಗೆ ಸೋರುತ್ತದೆ. ಬೇರೆ ಬೇರೆ ಬಗೆಯವನ್ನು ಬೆರೆಸಿದರೂ ಇದೇ ಕಥೆ.

ಅಳಿಸದ ಮಾರ್ಕರ್‌ನಿಂದ ಒಂದು ಸೆಟ್ಟಿನ ಸೆಲ್ಲುಗಳಿಗೆಲ್ಲ ‘ಅ’ ಎಂದೂ ಇನ್ನೊಂದಕ್ಕೆ ‘ಆ’ ಎಂದೂ ಬರೆದಿಡಿ. ಒಂದು ಮರದ ಮೇಲಿದ್ದರೆ ಇನ್ನೊಂದು ಮನೆಯಲ್ಲಿ ಚಾರ್ಜ್ ಆಗಿ ಕಾದಿರುತ್ತದೆ. ಚಾರ್ಜರ್ ವಿಷಯದಲ್ಲಿ ಜಿಪುಣತನ ಬೇಡ. ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ಗಮನಿಸಿ, ತುಂಬಿದ್ದನ್ನು ತಾನಾಗಿ ನಿಲ್ಲಿಸುವಂಥದ್ದು ಬೇಕು. ಎರಡೆರಡು ಸೆಲ್ಲನ್ನು ಜೋಡಿಯಾಗಿ, ಗಂಟೆ ಲೆಕ್ಕದಲ್ಲಿ ಚಾರ್ಜ್ ಮಾಡುವ ಅಗ್ಗದವು ಒಂದನ್ನು ಬೇಯಿಸಿ ಇನ್ನೊಂದನ್ನು ಹಸಿಯಾಗಿ ಬಿಡುತ್ತವೆ. 2000 ಎಂಎಎಚ್ ಸೆಲ್ಲಿಗೆ 500ರಿಂದ 1000 ಮಿಲಿಆಂಪ್ ಚಾರ್ಜಿಂಗ್ ಸರಿಯಾದ ವೇಗ.

ಮನೆಯಲ್ಲೊಂದು ಸಾದಾ ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ಚಾರ್ಜ್ ಮಾಡಿ ಒಂದು ದಿನ ಬಿಟ್ಟು ನೋಡಿದಾಗ ರೀಚಾರ್ಜ್ ಸೆಲ್ಲು 1.3ರ ಮೇಲೆ ತೋರಿಸಬೇಕು. ಎಂಟರಲ್ಲಿ ಏಳು ಒಂದೇ ಕಡೆ ನಿಂತು ಒಂದು ಮಾತ್ರ ಪಾಯಿಂಟ್ ಒಂದರಷ್ಟು ಕೆಳಗಿದ್ದರೆ ಅದನ್ನು ಬೇರೆ ತೆಗೆಯಿರಿ. ಆಲ್ಕಲೈನ್ ಬಳಸುವವರು 1.3ಕ್ಕೆ ಇಳಿದದ್ದನ್ನು ಕ್ಯಾಮೆರಾದಿಂದ ತೆಗೆದು ಗಡಿಯಾರಕ್ಕೆ ಹಾಕಬಹುದು. ಅಲ್ಲಿ ಇನ್ನೂ ತಿಂಗಳುಗಟ್ಟಲೆ ಬರುತ್ತದೆ.

ಹಂತ 3: ಸೆಟ್ಟಿಂಗ್

ಇಲ್ಲಿ ಮಾಡುವ ಐದು ನಿಮಿಷದ ಕೆಲಸದಿಂದ ಸಿಗುವಷ್ಟು ಲಾಭ ಬೇರೆಲ್ಲೂ ಸಿಗುವುದಿಲ್ಲ. ಮೇಲಿನ ಲೆಕ್ಕ ನೋಡಿದ ಮೇಲೆ ಮೊದಲನೆಯದನ್ನು ಹೇಳಬೇಕಿಲ್ಲ: ವಿಡಿಯೊದಿಂದ ಫೋಟೋಗೆ ಬದಲಿಸಿ. ಯಾವ ಪ್ರಾಣಿ, ಎಷ್ಟು, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಎಂಬ ನಾಲ್ಕು ಪ್ರಶ್ನೆಗೂ ಮೂರು ಫೋಟೋದ ಒಂದು ಸರಣಿ ಉತ್ತರ ಕೊಡುತ್ತದೆ. ಹಿಂಡಿನಲ್ಲಿ ಮರಿ ಇದೆಯೇ, ಸಲಗ ಕುಂಟುತ್ತಿದೆಯೇ ಎಂದು ನೋಡಬೇಕಾದಾಗ ವಿಡಿಯೊ ಬೇಕಾಗುತ್ತದೆ, ನಿಜ. ಆಗ ಅದನ್ನು 10 ಸೆಕೆಂಡಿಗೆ ಇಳಿಸಿ. ಹಗಲು ವಿಡಿಯೊ, ರಾತ್ರಿ ಫೋಟೋ ಎಂದು ಬೇರೆ ಮಾಡುವ ಸೌಲಭ್ಯ ಕೆಲವು ಕ್ಯಾಮೆರಾಗಳಲ್ಲಿದೆ.

ಎರಡನೆಯದು, ಒಂದು ಸಲ ತೆಗೆದ ಮೇಲೆ ಮತ್ತೆ ತೆಗೆಯುವ ಮೊದಲು ಎಷ್ಟು ಹೊತ್ತು ಸುಮ್ಮನಿರಬೇಕು ಎಂಬ ವಿರಾಮದ ಅವಧಿ. ಡಬ್ಬದಿಂದ ತೆಗೆದಾಗ ಇದು ಕೆಲವೇ ಸೆಕೆಂಡಿಗೆ ಇರುತ್ತದೆ. ಪ್ರಾಣಿ ಸುಮ್ಮನೆ ದಾಟಿಹೋಗುವ ಕಾಲುದಾರಿಗೆ 30 ಸೆಕೆಂಡ್ ಸಾಕು. ಹಲಸಿನ ಮರದ ಬುಡಕ್ಕೆ ಬೇರೆ ಲೆಕ್ಕ. ಹಣ್ಣಿನ ಕಾಲದಲ್ಲಿ ಆನೆಗಳು ಮರದಡಿ ಗಂಟೆಗಟ್ಟಲೆ ನಿಲ್ಲುತ್ತವೆ. ವಿರಾಮ ಚಿಕ್ಕದಿದ್ದರೆ ಒಂದೇ ರಾತ್ರಿಯಲ್ಲಿ ಅದೇ ಹಿಂಭಾಗದ ನೂರಾರು ಫೋಟೋ ಬಿದ್ದು ಸೆಲ್ಲು ಸೋತಿರುತ್ತದೆ. ಅಂಥಲ್ಲಿ ಐದು ನಿಮಿಷ ಕೊಡಿ. ಕೆರೆ, ಹಳ್ಳ, ಉಪ್ಪು ನೆಕ್ಕುವ ಜಾಗಕ್ಕೂ ಇದೇ.

ಮೂರನೆಯದು ಕೆಲಸದ ವೇಳೆ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದ ತುಂಬ ಜನ. ಆಳುಗಳು ಬೆಳಗಿನಿಂದ ಸಂಜೆವರೆಗೆ ಅದೇ ದಾರಿಯಲ್ಲಿ ಓಡಾಡುವಾಗ ಕ್ಯಾಮೆರಾ ಅವರನ್ನೇ ತೆಗೆಯುತ್ತಾ ಕೂರುತ್ತದೆ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಎಂದು ಸಮಯ ಕಟ್ಟಿಬಿಡಿ. ಇದು ಸೆಲ್ಲಿನ ಮಾತಷ್ಟೇ ಅಲ್ಲ. ಕೆಲಸದ ಹೆಂಗಸರು ಓಡಾಡುವ, ನೀರಿಗೆ ಇಳಿಯುವ ಜಾಗಕ್ಕೆ ಕ್ಯಾಮೆರಾ ತಿರುಗಿಸಿ ಇಡುವುದು ತಪ್ಪು. ಎಲ್ಲಿ ಕಟ್ಟಿದ್ದೀರಿ ಎಂದು ಅವರಿಗೆ ಮೊದಲೇ ತಿಳಿಸಿ.

ಇನ್ನು ಸಣ್ಣಪುಟ್ಟವು. ಮೆನುವಿನಲ್ಲಿ ಸೆಲ್ಲಿನ ಬಗೆ ಕೇಳಿದರೆ ಸರಿಯಾದದ್ದನ್ನೇ ಆರಿಸಿ, ಇಲ್ಲದಿದ್ದರೆ 1.2 ವೋಲ್ಟಿನ ಹೊಸ ಸೆಲ್ಲನ್ನೂ ಅರ್ಧ ಖಾಲಿ ಎಂದುಕೊಂಡು ಕ್ಯಾಮೆರಾ ಬೇಗ ಮಲಗಿಬಿಡುತ್ತದೆ. ಡಬ್ಬದ ಮೇಲಿನ ‘30 ಮೆಗಾಪಿಕ್ಸೆಲ್’ ಹೆಚ್ಚಾಗಿ ಸಾಫ್ಟ್‌ವೇರ್ ಹಿಗ್ಗಿಸಿದ ಅಂಕಿ, ಅದನ್ನು ಕೆಳಗಿಳಿಸಿದರೆ ವಿವರ ಕಳೆದುಹೋಗದು, ಕಾರ್ಡಿಗೆ ಬರೆಯುವ ಹೊತ್ತು ಉಳಿಯುತ್ತದೆ. ಫ್ಲ್ಯಾಶ್‌ನ ಬಲ ತಗ್ಗಿಸುವ ಅವಕಾಶವಿದ್ದರೆ ಐದಾರು ಮೀಟರ್ ದೂರದ ದಾರಿಗೆ ತಗ್ಗಿಸಿಯೇ ಇಡಿ. ಬ್ಲೂಟೂತ್, ವೈಫೈ, ಟೈಮ್ ಲ್ಯಾಪ್ಸ್ ಬೇಡದಿದ್ದರೆ ಆಫ್ ಮಾಡಿ. ಕಾರ್ಡು ಕ್ಲಾಸ್ 10 ಇರಲಿ, ಫಾರ್ಮ್ಯಾಟ್ ಮಾಡುವುದು ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದಲ್ಲೇ.

ಹೊಸದಾಗಿ ಕೊಳ್ಳುವವರಿಗೊಂದು ಮಾತು. 850 ನ್ಯಾನೊಮೀಟರ್ ಎಲ್‌ಇಡಿ ಇರುವ ಕ್ಯಾಮೆರಾ ರಾತ್ರಿ ಮಂದ ಕೆಂಪು ಚುಕ್ಕೆಯಾಗಿ ಕಾಣುತ್ತದೆ, 940ರದ್ದು ಕಾಣುವುದಿಲ್ಲ. ಆದರೆ 940ರ ಬೆಳಕಿಗೆ ಕ್ಯಾಮೆರಾದ ಸೆನ್ಸರ್ ಕುರುಡು ಹೆಚ್ಚು, ಅಷ್ಟೇ ದೂರ ಕಾಣಲು ಹೆಚ್ಚು ಕರೆಂಟು ಬೇಕು. ಕಳ್ಳರ ಭಯವಿರುವ ಕಡೆ 940, ಉಳಿದ ಕಡೆ 850 ಸಾಕು.

ಹಂತ 4: ಕಟ್ಟುವ ಜಾಗ

ಕಾರ್ಡು ತಂದು ಕಂಪ್ಯೂಟರಿಗೆ ಹಾಕಿದಾಗ ಹೀಗೆ ಕಾಣುವುದುಂಟು. ಬೆಳಿಗ್ಗೆ 10ರವರೆಗೆ ಒಂದೂ ಫೋಟೋ ಇಲ್ಲ. 10:12ಕ್ಕೆ ಒಂದು ಜರಿಗಿಡ. 10:13ಕ್ಕೆ ಅದೇ ಜರಿಗಿಡ, ತುದಿ ಸ್ವಲ್ಪ ಎಡಕ್ಕೆ. 10:14ಕ್ಕೆ ಮತ್ತದೇ. ಹೀಗೆ ಮಧ್ಯಾಹ್ನ 3ರವರೆಗೆ, ನೆರಳಿನ ನಡುವೆ ಬಿಸಿಲಿನ ಒಂದು ತೇಪೆ ಆ ಎಲೆಯ ಮೇಲೆ ಇರುವಷ್ಟು ಹೊತ್ತೂ. ಆಮೇಲೆ ಬಿಸಿಲು ಸರಿದದ್ದೇ ಫೋಟೋ ನಿಂತಿದೆ. ಪಿಐಆರ್ ಸೆನ್ಸರ್‌ಗೆ ಪ್ರಾಣಿ ಗೊತ್ತಿಲ್ಲ, ಶಾಖ ಅಲುಗಾಡಿದ್ದು ಮಾತ್ರ ಗೊತ್ತು. ಬಿಸಿಲಿಗೆ ಕಾದ ಎಲೆ ತಣ್ಣನೆಯ ನೆರಳಿನ ಮುಂದೆ ಆಡಿದರೆ ಅದಕ್ಕೆ ಅದೂ ಪ್ರಾಣಿಯೇ.

ಆದ್ದರಿಂದ ಕತ್ತಿ ಇಲ್ಲದೆ ಕ್ಯಾಮೆರಾ ಕಟ್ಟಲು ಹೋಗಬೇಡಿ. ಮುಂದಿನ ಐದಾರು ಮೀಟರ್‌ನಲ್ಲಿ ಜರಿ, ಹುಲ್ಲು, ಲಂಟಾನ, ಜೋತುಬಿದ್ದ ಬಳ್ಳಿ ಏನಿದ್ದರೂ ಬುಡಸಮೇತ ತೆಗೆಯಿರಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಮತ್ತೆ ಸವರಬೇಕಾಗುತ್ತದೆ.

ಮರದ ಆಯ್ಕೆಯೂ ಮುಖ್ಯ. ತೋಟದಲ್ಲಿ ಕೈಗೆ ಸಿಗುವುದು ಸಿಲ್ವರ್ ಓಕ್. ಎಳೆಯ ಸಿಲ್ವರ್ ಓಕ್ ಗಾಳಿಗೆ ತೂಗುತ್ತದೆ, ಜೊತೆಗೆ ಕ್ಯಾಮೆರಾವೂ ತೂಗಿ ಇಡೀ ದೃಶ್ಯವೇ ಅಲುಗಿದಂತಾಗುತ್ತದೆ. ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿದ್ದರೆ ಎಲೆ ಲೆನ್ಸಿನ ಮುಂದೆಯೇ ಆಡುತ್ತಿರುತ್ತದೆ. ಅಲುಗದ ದಪ್ಪ ಕಾಂಡದ ಹಲಸು, ನಂದಿ, ಹೊನ್ನೆ ಯಾವುದಾದರೂ ಆದೀತು. ಮರವಿಲ್ಲದಿದ್ದರೆ ಕಲ್ಲುಕಂಬ.

ಮುಖ ಉತ್ತರಕ್ಕಿದ್ದರೆ ಅತ್ಯುತ್ತಮ. ಪೂರ್ವ ಪಶ್ಚಿಮಕ್ಕಿದ್ದರೆ ಬೆಳಗಿನ, ಸಂಜೆಯ ಓರೆ ಬಿಸಿಲು ನೇರ ಸೆನ್ಸರಿಗೆ ಹೊಡೆಯುತ್ತದೆ. ಹಿನ್ನೆಲೆಯಲ್ಲಿ ಕಾಫಿ ಕಣ, ಜಿಂಕ್ ಶೀಟಿನ ಚಾವಣಿ, ಬಂಡೆ ಇದ್ದರೆ ಅವು ಹಗಲೆಲ್ಲ ಕಾದು ಗಾಳಿಯನ್ನೇ ಕುಣಿಸುತ್ತವೆ. ಅವು ಕಾಣದಂತೆ ತಿರುಗಿಸಿ.

ದಾರಿಗೆ ನೇರ ಎದುರು ಕಟ್ಟಬೇಡಿ. ಅಡ್ಡ ಹಾಯುವ ಶಾಖವನ್ನು ಸೆನ್ಸರ್ ಚೆನ್ನಾಗಿ ಹಿಡಿಯುತ್ತದೆ, ತನ್ನ ಕಡೆಗೇ ನಡೆದು ಬರುವುದನ್ನು ತಡವಾಗಿ. ದಾರಿಗೆ ಓರೆಯಾಗಿ, ಮೊಣಕಾಲಿಗಿಂತ ತುಸು ಮೇಲೆ ಕಟ್ಟಿದರೆ ಮುಂಗುಸಿಯಿಂದ ಕಾಟಿವರೆಗೆ ಎಲ್ಲವೂ ಸಿಗುತ್ತದೆ. ಹೀಗೆ ಸರಿಯಾಗಿ ಕಟ್ಟಿದ ಮೇಲೆ ಸೆನ್ಸರಿನ ಸೂಕ್ಷ್ಮತೆಯನ್ನು ‘ಹೈ’ನಿಂದ ‘ಮೀಡಿಯಂ’ಗೆ ಇಳಿಸಲು ಅಡ್ಡಿಯಿಲ್ಲ. ಮಾರ್ಚ್–ಏಪ್ರಿಲ್‌ನ ಸೆಖೆಯಲ್ಲಿ ಮಾತ್ರ ವಾಪಸ್ಸು ಏರಿಸಿ, ಏಕೆಂದರೆ ಗಾಳಿಯೇ ಮೈಬಿಸಿಯ ಹತ್ತಿರಕ್ಕೆ ಬಂದಾಗ ಪ್ರಾಣಿಯೂ ಹಿನ್ನೆಲೆಯೂ ಸೆನ್ಸರಿಗೆ ಒಂದೇ ಆಗುತ್ತದೆ.

ಹಂತ 5: ತೇವ ಮತ್ತು ಇರುವೆ

ಮುಚ್ಚಳದ ಸುತ್ತ ಇರುವ ರಬ್ಬರ್ ಪಟ್ಟಿಯಲ್ಲಿ ಒಂದು ಕಡ್ಡಿ, ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ಆಷಾಢದ ಮಳೆ ಒಳಗೆ ಬಂದಿರುತ್ತದೆ. ಪ್ರತಿ ಸಲ ಮುಚ್ಚುವ ಮೊದಲು ಬಟ್ಟೆಯಿಂದ ಒರೆಸಿ. ಒಳಗಿನ ತೇವ ಸೆಲ್ಲಿನ ತುದಿಗಳ ನಡುವೆ ಸಣ್ಣಗೆ ಕರೆಂಟು ಹರಿಸುತ್ತದೆ, ಕ್ಯಾಮೆರಾ ಮಲಗಿದ್ದಾಗಲೂ. ಒಂದು ಸಿಲಿಕಾ ಜೆಲ್ ಪೊಟ್ಟಣ ಒಳಗಿರಲಿ, ಸೆಲ್ಲು ಬದಲಿಸುವಾಗ ಅದನ್ನೂ ಬದಲಿಸಿ. ನೀಲಿ ಬಣ್ಣದ ಜೆಲ್‌ನಲ್ಲಿ ವಿಷದ ಅಂಶವಿರುತ್ತದೆ, ಅದನ್ನು ಅಡುಗೆ ಬಾಣಲೆಯಲ್ಲಿ ಹುರಿದು ಒಣಗಿಸುವ ಸಾಹಸ ಬೇಡ.

ಕೆಳಗಿನ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ತೆರೆದಿದ್ದರೆ ಇರುವೆಗಳು ಅಲ್ಲಿಂದಲೇ ಒಳಹೊಕ್ಕು ಬೆಚ್ಚಗಿನ ಸೆಲ್ಲಿನ ಗೂಡಿನಲ್ಲಿ ಮೊಟ್ಟೆಯಿಡುತ್ತವೆ. ಹಳೆಯ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ಔಷಧ ಹೊಡೆದರೆ ಅದರ ವಾಸನೆಗೆ ಪ್ರಾಣಿಗಳು ದಾರಿ ಬದಲಿಸುತ್ತವೆ. ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದ್ದರೆ ರಾತ್ರಿಯ ಫೋಟೋವೆಲ್ಲ ಬೆಳ್ಳಗೆ ಮಸುಕಾಗುತ್ತದೆ, ಅದನ್ನೂ ನೋಡಿ.

ಸೆಲ್ಲಿನ ತುದಿ ತಾಗುವ ಲೋಹದ ಪಟ್ಟಿಗಳು ಮಂಕಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ. ಬಿಳಿ ಪುಡಿ ಕಟ್ಟಿದ್ದರೆ ಅದು ಆಲ್ಕಲೈನ್ ಸೋರಿಕೆ. ಕೈಗವಸು ಹಾಕಿಕೊಂಡು, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಿಂಬೆರಸದಲ್ಲೋ ವಿನೆಗರ್‌ನಲ್ಲೋ ಅದ್ದಿ ಮುಟ್ಟಿಸಿ. ಅದು ಕ್ಷಾರ, ಹುಳಿ ತಾಗಿದ್ದೇ ಬುಸ್ಸೆಂದು ನೊರೆ ಬಂದು ಕರಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಹೊಸ ಸೆಲ್ಲು ಹಾಕಿ.

ಹೊರಗಿನ ಬ್ಯಾಟರಿ, ಸೋಲಾರ್, ಸಿಮ್

ಇಷ್ಟಾದರೂ ಸಾಲದು ಎನ್ನುವ ಜಾಗಗಳಿರುತ್ತವೆ. ಆಗ ಹೊರಗಿನ ಬ್ಯಾಟರಿ. ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಎಎಚ್‌ನ ಲೆಡ್ ಆಸಿಡ್ ಬ್ಯಾಟರಿ ಎಲ್ಲ ಪೇಟೆಯಲ್ಲೂ ಸಿಗುತ್ತದೆ. ಆದರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ, ಎರಡು ಕೆಜಿಗೂ ಹೆಚ್ಚು ಭಾರ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಅರ್ಧ ತೂಕವೂ ಇಲ್ಲ, ಬಹುಪಾಲನ್ನು ಬಳಸಬಹುದು. ಕೊಳ್ಳುವ ಮೊದಲು ನಿಮ್ಮ ಕ್ಯಾಮೆರಾದ ಜಾಕ್ 6 ವೋಲ್ಟಿನದೋ 12ರದೋ, ಪ್ಲಸ್ಸು ಒಳಗೋ ಹೊರಗೋ ಎಂದು ಖಚಿತಪಡಿಸಿಕೊಳ್ಳಿ. ವೈರನ್ನು ಪಿವಿಸಿ ಕೊಳವೆಯೊಳಗೆ ಎಳೆಯಿರಿ, ಇಲ್ಲದಿದ್ದರೆ ಇಲಿ ಕಡಿಯುತ್ತದೆ. ಜಾಕಿಗೆ ಸೇರುವ ಮೊದಲು ವೈರು ಒಂದು ಸುತ್ತು ಕೆಳಗೆ ಜೋತು ಮತ್ತೆ ಮೇಲೇರಬೇಕು. ಆಗ ವೈರಿನಗುಂಟ ಇಳಿಯುವ ಮಳೆನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಸೋಲಾರ್ ಫಲಕ ಗದ್ದೆ ಬದಿಗೆ ಸರಿ, ಕಾಫಿ ತೋಟದ ನೆರಳಿಗೆ ಅಲ್ಲ. ಆಗುಂಬೆಯಂತೆ ವರ್ಷಕ್ಕೆ 7000 ಮಿ.ಮೀ. ದಾಟುವ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಅದನ್ನು ನಂಬಲೇಬೇಡಿ. ಹಾಕುವವರು ದಕ್ಷಿಣಕ್ಕೆ ಮುಖಮಾಡಿ, 15 ಡಿಗ್ರಿಯಷ್ಟು ಓರೆ ಕೊಡಿ. ಅಷ್ಟು ಓರೆಯಿದ್ದರೆ ಎಲೆಯೂ ನಿಲ್ಲುವುದಿಲ್ಲ.

ಸಿಮ್ ಹಾಕಿ ಫೋನಿಗೆ ಫೋಟೋ ಕಳಿಸುವ ಕ್ಯಾಮೆರಾಗಳು ಆನೆ ಎಚ್ಚರಿಕೆಗೆ ಉಪಯುಕ್ತ, ಆದರೆ ಸೆಲ್ಲಿನ ಹಸಿವು ಬಹಳ. ಸಿಗ್ನಲ್ ಕ್ಷೀಣವಾದಷ್ಟೂ ಟವರ್ ಹುಡುಕುವುದಕ್ಕೇ ಕರೆಂಟು ಹೋಗುತ್ತದೆ. ಕಟ್ಟುವ ಮರದ ಬುಡದಲ್ಲೇ ಅದೇ ಕಂಪನಿಯ ಸಿಮ್ ಇರುವ ಫೋನಿನಲ್ಲಿ ಸಿಗ್ನಲ್ ನೋಡಿ. ತಕ್ಷಣದ ಸುದ್ದಿ ಬೇಡದ ಜಾಗದಲ್ಲಿ ದಿನಕ್ಕೆರಡು ಸಲ ಒಟ್ಟಿಗೆ, ಚಿಕ್ಕ ಗಾತ್ರದಲ್ಲಿ ಕಳಿಸುವಂತೆ ಇಡಿ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಸಿಮ್ ಕ್ಯಾಮೆರಾವನ್ನು ಅಲ್ಲಿಂದ ತರಿಸಿಕೊಳ್ಳುವ ಮೊದಲು ನಮ್ಮ 4ಜಿ ಬ್ಯಾಂಡ್‌ಗಳನ್ನು ಅದು ಹಿಡಿಯುತ್ತದೆಯೇ ಎಂದು ಕೇಳಿ.

ಹೋಗಿ ನೋಡುವಾಗ

ಪರದೆಯ ಮೇಲಿನ ಶೇಕಡಾ ಅಂಕಿಗಿಂತ ಫೋಟೋಗಳೇ ಸತ್ಯ ಹೇಳುತ್ತವೆ. ಹಗಲಿನವು ಚೆನ್ನಾಗಿ ಬಂದು ರಾತ್ರಿಯವು ಕಪ್ಪಾಗಿದ್ದರೆ, ಇಲ್ಲವೇ ರಾತ್ರಿಯವು ಬಂದೇ ಇಲ್ಲದಿದ್ದರೆ, ಸೆಲ್ಲಿಗೆ ಫ್ಲ್ಯಾಶ್ ಹೊರುವ ಶಕ್ತಿ ಇಲ್ಲ ಎಂದರ್ಥ. ತಾರೀಖು ತಾನಾಗಿ ವರ್ಷಗಳ ಹಿಂದಕ್ಕೆ ಓಡಿದ್ದರೆ ನಡುವೆ ವೋಲ್ಟು ಪೂರ್ತಿ ಕುಸಿದು ಕ್ಯಾಮೆರಾ ಸತ್ತು ಹುಟ್ಟಿದೆ. ಫೋಟೋಗಳಲ್ಲಿ ಮುಕ್ಕಾಲು ಪಾಲು ಖಾಲಿಯಿದ್ದರೆ ಹಂತ 4ಕ್ಕೆ ವಾಪಸ್ಸು ಹೋಗಿ, ಸೆಲ್ಲು ಬದಲಿಸಿ ಪ್ರಯೋಜನವಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ಯಾವ ಸೆಟ್, ಹಾಕಿದ ದಿನ, ತೆಗೆದ ದಿನ, ಎಷ್ಟು ಫೋಟೋ ಎಂದು ಬರೆದಿಡಿ. ಎರಡು ಮೂರು ಸುತ್ತಿನಲ್ಲಿ ನಿಮ್ಮ ಕ್ಯಾಮೆರಾದ ಹಸಿವು ನಿಮಗೇ ಗೊತ್ತಾಗುತ್ತದೆ. ಫೋಟೋದಲ್ಲಿ ಬಂದೂಕು ಹಿಡಿದವರೋ ಉರುಳು ಕಟ್ಟುವವರೋ ಕಂಡರೆ ನೀವೇ ವಿಚಾರಿಸಲು ಹೋಗಬೇಡಿ, ಕಾರ್ಡಿನ ಪ್ರತಿ ಇಟ್ಟುಕೊಂಡು ವಲಯ ಅರಣ್ಯಾಧಿಕಾರಿಗೆ ತಿಳಿಸಿ. ಹುಲಿ, ಚಿರತೆ ಸಿಕ್ಕಾಗ ವಾಟ್ಸಾಪ್‌ಗೆ ಜಾಗದ ಹೆಸರು ಹಾಕುವುದೂ ಬೇಡ.

ಕ್ಯಾಮೆರಾ ಇಳಿಸಿ ಮನೆಯಲ್ಲಿಡುವ ತಿಂಗಳುಗಳಲ್ಲಿ ಸೆಲ್ಲು ಒಳಗೆ ಬಿಡಬೇಡಿ. ರೀಚಾರ್ಜ್ ಸೆಲ್ಲುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಂದಕ್ಕೊಂದು ತುದಿ ತಾಗದಂತೆ, ಒಲೆಯ ಬಿಸಿ ತಟ್ಟದ ಕಡೆ ಇಡಿ. ಕೀಲಿಕೈ ಇರುವ ಜೇಬಿಗೆ ಹಾಕಿಕೊಂಡರೆ ಶಾರ್ಟ್ ಆಗಿ ಕಾಯುತ್ತವೆ. ಸತ್ತ ಸೆಲ್ಲನ್ನು ತೋಟದಲ್ಲಿ ಎಸೆಯುವುದಾಗಲಿ, ಕಸದ ಜೊತೆ ಸುಡುವುದಾಗಲಿ ಬೇಡ. ಒಂದು ಡಬ್ಬಿಯಲ್ಲಿ ಕೂಡಿಟ್ಟು, ಊರಿಗೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.